ಮೆಂತ್ಯವೋ, ಮರದರಿಶಿನವೋ, ಉಪ್ಪಾಗೆಯೋ? ತೂಕಕ್ಕೂ ಸಕ್ಕರೆಗೂ ಗಿಡಮೂಲದ ಆಯ್ಕೆ

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ನಮ್ಮೂರಿಗೆ ಹೋಗಿದ್ದಾಗ ಚಿಕ್ಕಮ್ಮನ ಮಗ ಒಂದು ಕೈಚೀಲ ತಂದು ಜಗಲಿಯ ಮೇಲೆ ಸುರಿದ. ಆರು ಡಬ್ಬಿ. ಬರ್ಬರೀನ್, ಗಾರ್ಸಿನಿಯಾ, ಗ್ರೀನ್ ಟೀ ಸಾರ, ಕರ್ಕ್ಯುಮಿನ್, ಮಧುನಾಶಿನಿ, ಆರನೆಯದರಲ್ಲಿ ಇವೆಲ್ಲ ಚೂರು ಚೂರು. "ಅಣ್ಣಾ, ಎಲ್ಲಾ ಗಿಡದ್ದೇ. ಯಾವ್ದು ಇಟ್ಕೊಳ್ಲಿ, ಯಾವ್ದು ಬಿಡ್ಲಿ, ನೀನೇ ಹೇಳು" ಅಂದ. ವಯಸ್ಸು ನಲವತ್ತೆರಡು, ಸೊಂಟದ ಸುತ್ತಳತೆ 98 ಸೆಂ.ಮೀ., ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಮಧುಮೇಹ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ.

ಔಷಧಶಾಸ್ತ್ರ ಪಾಠ ಮಾಡುವವನಾದ್ದರಿಂದ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಅದೇ ತಿಂಗಳು ಇನ್ನಿಬ್ಬರು ಕೇಳಿದ್ದರು. ಒಬ್ಬಳು ಸಹೋದ್ಯೋಗಿಯ ಮಗಳು. ಇಪ್ಪತ್ತಾರು ವರ್ಷ, ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ, ಮದುವೆಯಾಗಿ ವರ್ಷವಾಗಿದೆ, ತೂಕ ಇಳಿಯಬೇಕು. ಇನ್ನೊಬ್ಬರು ಪಕ್ಕದ ಮನೆಯ ಹಿರಿಯರು. ಅರವತ್ತಮೂರು ದಾಟಿದೆ, ಸಕ್ಕರೆ ಕಾಯಿಲೆಗೆ ಎರಡು ಬಗೆಯ ಮಾತ್ರೆ, ಕೊಲೆಸ್ಟ್ರಾಲ್‌ಗೆ ಒಂದು, ರಕ್ತ ತೆಳುವಾಗಲು ವಾರ್ಫರಿನ್. ಮೂವರ ಪ್ರಶ್ನೆ ಕೇಳಲು ಒಂದೇ. ಉತ್ತರ ಮಾತ್ರ ಮೂರು.

ಮೊದಲು ಯಾವುದನ್ನು ನೋಡಬೇಕು

ಯಾವ ಅಂಕಿ ಇಳಿಯಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ತೂಕ ಬೇರೆ, ಸಕ್ಕರೆ ಬೇರೆ, ಕೊಲೆಸ್ಟ್ರಾಲ್ ಬೇರೆ. ಸಕ್ಕರೆ ಇಳಿಸುವ ವಸ್ತು ತೂಕವನ್ನು ಮುಟ್ಟದೆಯೂ ಇರಬಹುದು. "ಮೆಟಬಾಲಿಸಂಗೆ ಒಳ್ಳೆಯದು" ಎಂದಷ್ಟೇ ಬರೆದ ಡಬ್ಬಿ ಯಾವುದನ್ನು ಇಳಿಸುತ್ತೇನೆಂದು ಮಾತು ಕೊಟ್ಟಿಲ್ಲ.

ಎರಡನೆಯದು, ಮನುಷ್ಯರಲ್ಲಿ ನೋಡಿದ್ದಾರೆಯೇ? ಎಷ್ಟು ಮಂದಿ, ಎಷ್ಟು ತಿಂಗಳು, ಔಷಧವಿಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿದ್ದಾರೆಯೇ? ಇಲಿಯಲ್ಲಿ ಕೊಬ್ಬು ಕರಗಿಸಿದ ಸಾರಗಳು ನೂರಾರಿವೆ.

ಮೂರನೆಯದು, ನುಂಗಿದ್ದರಲ್ಲಿ ಎಷ್ಟು ಮೈಗೆ ಹತ್ತುತ್ತದೆ. ಗಿಡದ ಬಹಳಷ್ಟು ಸಂಯುಕ್ತಗಳು ಕರುಳಿನಿಂದ ರಕ್ತಕ್ಕೆ ದಾಟುವುದೇ ಇಲ್ಲ. ನಾಲ್ಕನೆಯದು ಲಿವರ್, ಮತ್ತು ನೀವು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಜೊತೆಗಿನ ಜಟಾಪಟಿ. ಕೊನೆಯದು ತಿಂಗಳ ಖರ್ಚು, ಮತ್ತು ಲೇಬಲ್‌ನಲ್ಲಿ ಇರುವುದು ಡಬ್ಬಿಯೊಳಗೂ ಇದೆಯೇ ಎಂಬುದು.

ಹೋಲಿಸಲು ಎರಡು ಅಂಕಿಗಳನ್ನು ಕೈಯಲ್ಲಿ ಇಟ್ಟುಕೊಳ್ಳಿ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧ ಸೆಮಾಗ್ಲುಟೈಡ್ 2021ರ ದೊಡ್ಡ ಅಧ್ಯಯನದಲ್ಲಿ 68 ವಾರಗಳಲ್ಲಿ ಸರಾಸರಿ 14.9 ಶೇಕಡಾ ತೂಕ ಇಳಿಸಿತು. ಹುಸಿ ಚುಚ್ಚುಮದ್ದಿನವರಲ್ಲಿ ಇಳಿದದ್ದು 2.4. ತೂಕದ ವಿಷಯದಲ್ಲಿ ಯಾವ ಗಿಡದ ಸಾರವೂ ಇದರ ಹತ್ತಿರಕ್ಕೆ ಬಂದಿಲ್ಲ. ಇನ್ನೊಂದು, ಚೆನ್ನೈ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನ. ನನ್ನ ತಮ್ಮನ ಹಾಗೆ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿದರು. ಏನೂ ಮಾಡದವರಲ್ಲಿ 55 ಶೇಕಡಾ ಮಂದಿಗೆ ಮಧುಮೇಹ ಬಂತು. ನಡಿಗೆ ಮತ್ತು ಊಟ ತಿದ್ದಿಕೊಂಡವರಲ್ಲಿ ಅದು 39.3ಕ್ಕೆ ಇಳಿಯಿತು, ಸಕ್ಕರೆ ಇಳಿಸುವ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ 40.5ಕ್ಕೆ. ಡಬ್ಬಿಗೆ ದುಡ್ಡು ಹಾಕುವ ಮೊದಲು ಇದನ್ನು ನೆನೆಯಬೇಕು. ಯಾವ ಸಾರವಾದರೂ ಸಂಜೆಯ ನಡಿಗೆಯ ಮೇಲೆ ಕೂಡಿಸಿಕೊಳ್ಳುವಂಥದ್ದು, ಅದರ ಜಾಗಕ್ಕೆ ಬರುವಂಥದ್ದಲ್ಲ.

ಮೆಂತ್ಯ

ಇದರಿಂದ ಶುರು ಮಾಡುವುದಕ್ಕೆ ಕಾರಣವಿದೆ. ಇದು ಡಬ್ಬಿಯಲ್ಲಿ ಇರಲಿಲ್ಲ, ಅವನ ಅಡುಗೆಮನೆಯಲ್ಲೇ ಇತ್ತು.

ಮೆಂತ್ಯದ ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನಾರು. ಅದರಲ್ಲೂ ಗ್ಯಾಲಕ್ಟೋಮನ್ನನ್ ಎಂಬ ಲೋಳೆ ನಾರು ಹೆಚ್ಚು. ರಾತ್ರಿ ನೆನೆಸಿದ ಕಾಳು ಬೆಳಗ್ಗೆ ಜಾರುತ್ತದಲ್ಲ, ಅದೇ. ಹೊಟ್ಟೆಯಲ್ಲಿ ಈ ಲೋಳೆ ಅನ್ನ, ಮುದ್ದೆಯ ಪಿಷ್ಟವನ್ನು ಸುತ್ತಿಕೊಂಡು ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ. ಜೊತೆಗೆ 4-ಹೈಡ್ರಾಕ್ಸಿಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲವಿದೆ. ಅದು ಇನ್ಸುಲಿನ್ ಸ್ರವಿಸುವಿಕೆಗೆ ಇಂಬು ಕೊಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ನನ್ನ ಲೆಕ್ಕದಲ್ಲಿ ಕೆಲಸದ ಹೆಚ್ಚಿನ ಪಾಲು ಲೋಳೆಯದೇ. ಲೋಳೆ ಕರುಳಿನೊಳಗೇ ಕೆಲಸ ಮಾಡುವುದರಿಂದ ಮೈಗೆ ಹತ್ತುತ್ತದೆಯೇ ಎಂಬ ಮೂರನೆಯ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1990ರ ಸುಮಾರಿಗೆ ಇದನ್ನು ಗಂಭೀರವಾಗಿ ಪರೀಕ್ಷೆಗೆ ಒಡ್ಡಿತು. ಇಂಥ ಹತ್ತು ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ 17 ಮಿಲಿಗ್ರಾಂ ಇಳಿದಿತ್ತು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ತಿಂದವರಲ್ಲಿ ಹೇಳಿಕೊಳ್ಳುವ ಫಲವಿರಲಿಲ್ಲ. ಹೊಸ್ತಿಲಲ್ಲಿದ್ದ 140 ಮಂದಿಯನ್ನು ಮೂರು ವರ್ಷ ಹಿಂಬಾಲಿಸಿದ ಇನ್ನೊಂದು ಭಾರತೀಯ ಅಧ್ಯಯನ 2015ರಲ್ಲಿ ಬಂತು. ಊಟಕ್ಕೆ ಮುಂಚೆ ಐದೈದು ಗ್ರಾಂನಂತೆ ದಿನಕ್ಕೆರಡು ಸಲ ಮೆಂತ್ಯ ತಿಂದವರಿಗೆ ಹೋಲಿಸಿದರೆ ತಿನ್ನದವರಿಗೆ ಮಧುಮೇಹ ಬರುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಸಣ್ಣ ಅಧ್ಯಯನ, ಇದನ್ನೇ ಕೊನೆಯ ಮಾತೆಂದು ಹಿಡಿಯಲಾರೆ. ಆದರೂ ಅರ್ಥವಿರುವ ಅಂಕಿ.

ಕೊರತೆಗಳೂ ಇವೆ. ತೂಕದ ಮೇಲೆ ಪರಿಣಾಮ ತೀರಾ ಅಲ್ಪ. ಮೊದಲ ಎರಡು ವಾರ ಹೊಟ್ಟೆ ಉಬ್ಬರ, ಗಾಳಿ, ಕೆಲವರಿಗೆ ಭೇದಿ. ಬೆವರಿಗೂ ಮೂತ್ರಕ್ಕೂ ಅದರದೇ ವಾಸನೆ ಬರುತ್ತದೆ, ಹೆದರಬೇಡಿ. ಕಡಲೆಕಾಯಿ ಅಲರ್ಜಿ ಇದ್ದವರು ದೂರವಿರಬೇಕು, ಎರಡೂ ಒಂದೇ ಕುಟುಂಬದ ಗಿಡಗಳು. ಗರ್ಭಿಣಿಯರು ಒಗ್ಗರಣೆಯ ಪ್ರಮಾಣ ದಾಟಬಾರದು. ಥೈರಾಯ್ಡ್ ಅಥವಾ ಬೇರೆ ಮಾತ್ರೆ ನುಂಗುವವರು ಎರಡು ಗಂಟೆ ಅಂತರ ಇಡಬೇಕು, ಇಲ್ಲದಿದ್ದರೆ ಲೋಳೆ ಮಾತ್ರೆಯನ್ನೂ ಸುತ್ತಿಕೊಳ್ಳುತ್ತದೆ.

ಪ್ರಮಾಣದ ಬಗ್ಗೆ ಗೊಂದಲ ಬೇಡ. ಹತ್ತು ಗ್ರಾಂ ಅಂದರೆ ಸುಮಾರು ಎರಡೂವರೆ ಚಹಾ ಚಮಚ ಕಾಳು. ಅನ್ನಕ್ಕೆ ಕಲಸುವ ಮೆಂತ್ಯದ ಹಿಟ್ಟು ಲೆಕ್ಕಕ್ಕೆ ಬಾರದು, ಅದರಲ್ಲಿ ಬೇಳೆ, ಅಕ್ಕಿ, ಗೋಧಿಯದೇ ಪಾರುಪತ್ಯ. ಸೊಪ್ಪಿನ ಪಲ್ಯ ಒಳ್ಳೆಯದೇ, ಆದರೆ ಲೋಳೆ ಇರುವುದು ಕಾಳಿನಲ್ಲಿ. ನೆನೆಸಿದ ನೀರನ್ನು ಮಾತ್ರ ಕುಡಿದು ಕಾಳು ಚೆಲ್ಲುವವರೂ ಇದ್ದಾರೆ. ಬೇಕಾದ್ದನ್ನೇ ಚೆಲ್ಲಿದಂತಾಯಿತು. ತಿಂಗಳಿಗೆ ಬೇಕಾದದ್ದು 300 ಗ್ರಾಂ, ಖರ್ಚು ಐವತ್ತು ರೂಪಾಯಿಯ ಆಸುಪಾಸು.

ಇದರ ಪಕ್ಕದಲ್ಲೇ ಇಸಬ್‌ಗೋಲ್ ಇಡಬೇಕು. ಉತ್ತರ ಗುಜರಾತಿನಲ್ಲಿ ಬೆಳೆಯುವ ಬೀಜದ ಹೊಟ್ಟು, ಮೆಂತ್ಯದ ಕಹಿ ಇಲ್ಲದ ಲೋಳೆ. ಮಲಬದ್ಧತೆಗೆಂದು ಮನೆಯಲ್ಲಿ ಇಟ್ಟುಕೊಂಡಿರುವ ಇದರ ನಿಜವಾದ ಬಲ ಕೊಲೆಸ್ಟ್ರಾಲ್‌ನಲ್ಲಿದೆ. ದಿನಕ್ಕೆ ಸುಮಾರು ಹತ್ತು ಗ್ರಾಂ ತೆಗೆದುಕೊಂಡರೆ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಐದರಿಂದ ಹತ್ತು ಶೇಕಡಾ ಇಳಿಯುತ್ತದೆ. ಹೃದಯಕ್ಕೆ ಒಳ್ಳೆಯದೆಂದು ಲೇಬಲ್‌ನಲ್ಲಿ ಬರೆಯಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿರುವ ಕೆಲವೇ ಗಿಡಮೂಲದ ವಸ್ತುಗಳಲ್ಲಿ ಇದೂ ಒಂದು. ದೊಡ್ಡ ಲೋಟ ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಅದೊಂದೇ ದೊಡ್ಡ ಎಚ್ಚರಿಕೆ.

ಬರ್ಬರೀನ್

ಆರು ಡಬ್ಬಿಗಳಲ್ಲಿ ನಿಜವಾದ ಔಷಧದ ಶಕ್ತಿ ಇದ್ದದ್ದು ಇದೊಂದಕ್ಕೇ. ಅದಕ್ಕೇ ಇದರ ಬಗ್ಗೆ ನನಗೆ ಆಸೆಯೂ ಇದೆ, ಭಯವೂ ಇದೆ.

ಮರದರಿಶಿನ ಎಂಬ ಕಾಡು ಬಳ್ಳಿಯ ಕಾಂಡ ಸೀಳಿದರೆ ಕಾಣುವ ಹಳದಿ ಇದೇ. ಹಿಮಾಲಯದ ದಾರುಹರಿದ್ರದಲ್ಲೂ ಇದೆ. ಜೀವಕೋಶದ ಶಕ್ತಿ ಲೆಕ್ಕ ನೋಡಿಕೊಳ್ಳುವ ಎಎಂಪಿಕೆ ಎಂಬ ಕಿಣ್ವವನ್ನು ಎಚ್ಚರಿಸುತ್ತದೆ. ಲಿವರ್‌ನಲ್ಲಿ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸುತ್ತದೆ. 2004ರಲ್ಲಿ ಚೀನಾದಲ್ಲಿ ದಿನಕ್ಕೆ ಒಂದು ಗ್ರಾಂ ಕೊಟ್ಟು ಮೂರು ತಿಂಗಳು ನೋಡಿದಾಗ ಎಲ್‌ಡಿಎಲ್ 25 ಶೇಕಡಾ, ಟ್ರೈಗ್ಲಿಸರೈಡ್ 35 ಶೇಕಡಾ ಇಳಿದವು. 2008ರಲ್ಲಿ, ಮಧುಮೇಹ ಹೊಸದಾಗಿ ಪತ್ತೆಯಾದ 36 ಮಂದಿಯಲ್ಲಿ ಕೆಲವರಿಗೆ ಬರ್ಬರೀನ್, ಕೆಲವರಿಗೆ ಮೆಟ್‌ಫಾರ್ಮಿನ್, ಎರಡನ್ನೂ 500 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ ಕೊಟ್ಟರು. ಬರ್ಬರೀನ್ ಗುಂಪಿನ ಎಚ್‌ಬಿಎ1ಸಿ 9.5ರಿಂದ 7.5ಕ್ಕೆ ಬಂತು, ಮೆಟ್‌ಫಾರ್ಮಿನ್‌ಗೆ ಸರಿಸಮ. ನುಂಗಿದ್ದರಲ್ಲಿ ಐದು ಶೇಕಡಾ ಕೂಡ ರಕ್ತಕ್ಕೆ ಸೇರದ ವಸ್ತು ಇಷ್ಟು ಮಾಡುತ್ತದೆ ಅನ್ನುವುದೇ ಸೋಜಿಗ. ಕರುಳಿನ ಬ್ಯಾಕ್ಟೀರಿಯಾಗಳ ಮೂಲಕವೂ ಕೆಲಸ ನಡೆಯುತ್ತಿರಬೇಕು.

ಆದರೆ ಆ ಅಧ್ಯಯನಗಳ ಗಾತ್ರ ನೋಡಿ. ಮೂವತ್ತಾರು ಮಂದಿ, ಮೂರು ತಿಂಗಳು. ಮೆಟ್‌ಫಾರ್ಮಿನ್‌ಗೆ ಅರವತ್ತು ವರ್ಷಗಳ ಅನುಭವದ ಬೆನ್ನು ಇದೆ, ಬರ್ಬರೀನ್‌ಗೆ ಇಲ್ಲ. 2023ರಲ್ಲಿ ಟಿಕ್‌ಟಾಕ್ ವಿಡಿಯೊಗಳು ಇದನ್ನು ತೂಕ ಇಳಿಸುವ ಚುಚ್ಚುಮದ್ದಿಗೆ ಸಾಟಿ ಎಂದು ಸಾರಿದವು. ಅದು ಸುಳ್ಳು. ತೂಕ ಇಳಿದರೂ ಒಂದೆರಡು ಕೆಜಿ.

ಇದರ ಅಪಾಯಗಳೂ ಔಷಧದ ಅಪಾಯಗಳೇ. ಲಿವರ್ ಬೇರೆ ಔಷಧಗಳನ್ನು ಒಡೆಯಲು ಬಳಸುವ ಕಿಣ್ವಗಳನ್ನು ಇದು ತಡೆಯುತ್ತದೆ. ಕಸಿ ಮಾಡಿಸಿಕೊಂಡವರು ನುಂಗುವ ಸೈಕ್ಲೊಸ್ಪೋರಿನ್ ರಕ್ತದಲ್ಲಿ ಏರಿಬಿಡುತ್ತದೆ. ಸಕ್ಕರೆ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ನವಜಾತ ಶಿಶುವಿನ ಕಾಮಾಲೆಯನ್ನು ಮಿದುಳಿಗೆ ಹಾನಿಯಾಗುವ ಮಟ್ಟಕ್ಕೆ ಒಯ್ಯಬಲ್ಲದು. ಆದ್ದರಿಂದ ಗರ್ಭಿಣಿಯರು, ಹಾಲೂಡಿಸುವವರು, ಗರ್ಭ ನಿಲ್ಲಲೆಂದು ಕಾಯುತ್ತಿರುವವರು ಇದನ್ನು ಮುಟ್ಟಲೇಬಾರದು. ಅಮೆರಿಕದಲ್ಲಿ 15 ಉತ್ಪನ್ನ ತರಿಸಿ ಅಳೆದಾಗ ಒಂದರಲ್ಲಿ ಲೇಬಲ್ ಹೇಳಿದ್ದರ ಮೂರನೆಯ ಒಂದು ಭಾಗ ಮಾತ್ರ ಸಿಕ್ಕಿತು. ತಿಂಗಳಿಗೆ ತೊಂಬತ್ತು ಕ್ಯಾಪ್ಸೂಲ್ ಅಂದರೆ ಸಾವಿರ ರೂಪಾಯಿ ದಾಟುತ್ತದೆ.

ಇನ್ನೊಂದು ಮಾತನ್ನು ಮಲೆನಾಡಿನವನಾಗಿ ಹೇಳಲೇಬೇಕು. ಮರದರಿಶಿನದ ಬಳ್ಳಿ ಬೆಳೆಯುವುದು ಬಹಳ ನಿಧಾನ, ಗಂಡು ಹೆಣ್ಣು ಬಳ್ಳಿಗಳು ಬೇರೆ ಬೇರೆ, ಕಡಿದರೆ ಮತ್ತೆ ಏಳಲು ವರ್ಷಗಳೇ ಬೇಕು. ಪಶ್ಚಿಮ ಘಟ್ಟದಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ. "ಕಾಡಿನಿಂದ ತಂದ ಅಸಲಿ ಮರದರಿಶಿನ" ಎಂದು ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ.

ಉಪ್ಪಾಗೆ

ಗಾರ್ಸಿನಿಯಾ ಎಂದು ಇಂಗ್ಲಿಷಿನಲ್ಲಿ ಬರೆದ ಡಬ್ಬಿಯನ್ನು ತಮ್ಮ ಎತ್ತಿ ಹಿಡಿದಾಗ ಚಿಕ್ಕಮ್ಮ ನಕ್ಕರು, "ಇದು ನಮ್ಮ ಉಪ್ಪಾಗೆಯಲ್ವಾ!" ಹೌದು. ಮಳೆಗಾಲದಲ್ಲಿ ಕಾಡಿನಿಂದ ತಂದು, ಸಿಪ್ಪೆ ಬಿಡಿಸಿ, ಬಿಸಿಲಿಲ್ಲದ ದಿನಗಳಲ್ಲಿ ಒಲೆಯ ಹೊಗೆಗೆ ಹಿಡಿದು ಕಪ್ಪಾಗುವವರೆಗೆ ಒಣಗಿಸುವ ಅದೇ ಹಣ್ಣು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಉಂಡು ಬೆಳೆದವರು ನಾವು.

ಸಿಪ್ಪೆಯ ಹುಳಿಯಲ್ಲಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದನ್ನು ಸರಿಯಾಗಿ ಗುರುತಿಸಿ 1965ರಲ್ಲಿ ಪ್ರಕಟಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. ಸಕ್ಕರೆಯನ್ನು ಕೊಬ್ಬಾಗಿಸುವ ಒಂದು ಕಿಣ್ವವನ್ನು ಇದು ತಡೆಯುತ್ತದೆಂದು ತಿಳಿದಾಗ ಜಗತ್ತೇ ಆಸೆಯಿಂದ ನೋಡಿತು, ಇಲಿಗಳಲ್ಲಿ ಫಲವೂ ಕಂಡಿತು. ನಮ್ಮ ಕಾಡುಗಳಲ್ಲಿ ಕೊಂಬೆ ಕಡಿದು ಹಣ್ಣು ಇಳಿಸುವ ಅವಸರ ಶುರುವಾದದ್ದು ಆಮೇಲೆ. ಮನುಷ್ಯರಲ್ಲಿ ಮಾತ್ರ ಕತೆ ಬೇರೆಯಾಯಿತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಗೆ ಹನ್ನೆರಡು ವಾರ ದಿನಕ್ಕೆ 1,500 ಮಿಲಿಗ್ರಾಂ ಕೊಟ್ಟು ಹುಸಿ ಮಾತ್ರೆಗೆ ಹೋಲಿಸಿದರು. ತೂಕದಲ್ಲೂ ಕೊಬ್ಬಿನಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದರ ಮೇಲೆ ಲಿವರ್ ಕೆಟ್ಟ ವರದಿಗಳು ಸಾಲಾಗಿ ಬಂದವು. ಎಚ್ಎಲ್ಎ-ಬಿ*35:01 ಎಂಬ ವಂಶವಾಹಿ ರೂಪ ಇರುವವರಿಗೆ ಈ ಅಪಾಯ ಹೆಚ್ಚೆಂದು ಈಗ ಗೊತ್ತಾಗಿದೆ. ಆದರೆ ನಮ್ಮಲ್ಲಿ ಯಾರಿಗೆ ಅದು ಇದೆ ಎಂದು ಪರೀಕ್ಷೆ ಮಾಡಿಸಿಕೊಂಡು ಯಾರೂ ಡಬ್ಬಿ ಕೊಳ್ಳುವುದಿಲ್ಲ.

ಲಾಭವಿಲ್ಲ, ಅಪಾಯವಿದೆ. ಡಬ್ಬಿ ಬಿಡಿ. ಮೀನಿನ ಸಾರಿಗೋ ತಂಬುಳಿಗೋ ಹಾಕುವ ಸಿಪ್ಪೆ, ಕರಾವಳಿಯ ಪುನರ್ಪುಳಿ ಶರಬತ್ತು ಈ ಮಾತಿಗೆ ಸೇರುವುದಿಲ್ಲ. ಅವು ಆಹಾರ, ಸಕ್ಕರೆ ಕಡಿಮೆ ಹಾಕಿ ಕುಡಿಯಿರಿ.

ಗ್ರೀನ್ ಟೀ ಕತೆಯೂ ಇದೇ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆಯ ಪ್ರಕಾರ ತೂಕದಲ್ಲಿ ಆಗುವ ಇಳಿಕೆ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಸಾರದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಸಂಯುಕ್ತ) ನುಂಗಿದವರಲ್ಲಿ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಲೋಟದಲ್ಲಿ ಕುಡಿಯಿರಿ, ಕ್ಯಾಪ್ಸೂಲ್ ಬೇಡ.

ಕರ್ಕ್ಯುಮಿನ್, ಮಧುನಾಶಿನಿ

ಥಾಯ್ಲೆಂಡಿನಲ್ಲಿ ಹೊಸ್ತಿಲಲ್ಲಿದ್ದ 240 ಮಂದಿಯ ಮೇಲೆ ಒಂಬತ್ತು ತಿಂಗಳು ನಡೆಸಿದ ಅಧ್ಯಯನ 2012ರಲ್ಲಿ ಬಂತು. ಹುಸಿ ಮಾತ್ರೆಯವರಲ್ಲಿ 16.4 ಶೇಕಡಾ ಮಂದಿಗೆ ಮಧುಮೇಹ ಬಂದರೆ ಕರ್ಕ್ಯುಮಿನ್ ತಿಂದವರಲ್ಲಿ ಒಬ್ಬರಿಗೂ ಬರಲಿಲ್ಲ. ಒಬ್ಬರಿಗೂ ಇಲ್ಲ ಎಂಬ ಫಲಿತಾಂಶ ಕಂಡರೆ ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬರುತ್ತದೆ. ಬೇರೆ ದೇಶದಲ್ಲಿ, ಇನ್ನೂ ಹೆಚ್ಚು ಜನರಲ್ಲಿ ಅದೇ ಮರುಕಳಿಸಿದರೆ ನಂಬುತ್ತೇನೆ.

ಕರ್ಕ್ಯುಮಿನ್ ಮೈಗೆ ಹತ್ತುವುದು ತೀರಾ ಕಡಿಮೆ. ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಸೇರಿಸಿದರೆ ರಕ್ತ ಸೇರುವ ಪ್ರಮಾಣ 2,000 ಶೇಕಡಾ ಏರುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ. ಅಂದಿನಿಂದ ಎಲ್ಲ ಡಬ್ಬಿಗಳಲ್ಲೂ ಪೈಪರೀನ್ ಬಂತು. ಈಚಿನ ವರ್ಷಗಳಲ್ಲಿ ಅರಿಶಿನದ ಕ್ಯಾಪ್ಸೂಲ್‌ನಿಂದ ಲಿವರ್ ಕೆಟ್ಟ ಪ್ರಕರಣಗಳೂ ಅಮೆರಿಕದಲ್ಲಿ ದಾಖಲಾಗಿವೆ. ಅಲ್ಲೂ ಅದೇ ವಂಶವಾಹಿ ರೂಪ ಕಾಣಿಸಿಕೊಂಡಿದೆ. ಸಾರಿಗೆ ಹಾಕುವ ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ಮೂರು ಶೇಕಡಾ ಅಷ್ಟೇ, ಅದರ ಭಯ ಬೇಡ. ಫ್ಯಾಟಿ ಲಿವರ್ ಇದೆ ಎಂದು ಕರ್ಕ್ಯುಮಿನ್ ಕ್ಯಾಪ್ಸೂಲ್ ಹುಡುಕುವವರು ಮಾತ್ರ ತಮ್ಮ ವೈದ್ಯರಿಗೆ ಹೇಳದೆ ಶುರು ಮಾಡಬೇಡಿ.

ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿ ನೋಡಿ, ಮರಳು ಅಗಿದ ಹಾಗಾಗುತ್ತದೆ. ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಗೆಯ ಸಿಹಿ ಗ್ರಾಹಕಗಳನ್ನು ಅರ್ಧ ಗಂಟೆಗೂ ಮಿಕ್ಕಿ ಮುಚ್ಚುತ್ತವೆ. ಊಟವಾದ ಮೇಲೆ ಸಿಹಿಗೆ ಕೈ ಚಾಚುವ ಅಭ್ಯಾಸ ಇರುವವರಿಗೆ ಇದು ಉಪಯೋಗಕ್ಕೆ ಬರಬಹುದು. ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಪುರಾವೆ ಬಹಳ ಹಳೆಯದು, ಸಣ್ಣದು. ಮದರಾಸಿನಲ್ಲಿ 22 ಮಂದಿಯನ್ನು ಒಂದೂವರೆ ವರ್ಷ ನೋಡಿ 1990ರಲ್ಲಿ ಬರೆದದ್ದೇ ಇಂದಿಗೂ ಡಬ್ಬಿಗಳ ಆಧಾರ.

ಎಲ್ಲವನ್ನೂ ಚೂರು ಚೂರು ಬೆರೆಸಿದ ಆರನೆಯ ಡಬ್ಬಿಯನ್ನು ಮೊದಲು ಎತ್ತಿ ಪಕ್ಕಕ್ಕಿಟ್ಟೆ. ಯಾವುದರ ಪ್ರಮಾಣವೂ ಸಾಲದು, ತೊಂದರೆಯಾದರೆ ಯಾವುದರಿಂದ ಎಂದು ತಿಳಿಯದು. ಗಿಡಮೂಲಿಕೆ ಎಂದು ಬರೆದ ಸ್ಲಿಮ್ಮಿಂಗ್ ಡಬ್ಬಿಗಳಲ್ಲಿ ಹಸಿವು ಅಡಗಿಸುವ ಸಿಬುಟ್ರಮೈನ್ ಕದ್ದು ಬೆರೆಸಿದ್ದನ್ನು ಎಫ್‌ಡಿಎ ಹಲವು ಸಲ ಪತ್ತೆ ಮಾಡಿದೆ. ಹೃದಯಕ್ಕೆ ಅಪಾಯವೆಂದು ಭಾರತವೂ 2011ರಲ್ಲಿ ನಿಷೇಧಿಸಿದ ಔಷಧ ಅದು. "ಒಂದೇ ವಾರದಲ್ಲಿ ಹಸಿವೇ ಇಲ್ಲ" ಎನ್ನುವಂಥ ಗಿಡಮೂಲಿಕೆ ಸಿಕ್ಕಿದರೆ ಅನುಮಾನಿಸಿ.

ಡಬ್ಬಿಗೆ ಬಾರದ ಗಿಡ

"ಇಂಗ್ಲಿಷ್ ಮದ್ದು ಬೇಡ, ಗಿಡದ್ದೇ ಬೇಕು" ಎನ್ನುವವರಿಗೆ ನಾನು ಗಲೇಗಾ ಎಂಬ ಯುರೋಪಿನ ಗಿಡದ ಕತೆ ಹೇಳುತ್ತೇನೆ. ನೀಲಿ ಹೂವಿನ ಆ ಗಿಡ ಸಕ್ಕರೆ ಇಳಿಸುತ್ತದೆ, ಆದರೆ ಅದನ್ನೇ ಮೇಯ್ದ ಕುರಿಗಳು ಸಾಯುತ್ತವೆ. ಅದರಲ್ಲಿದ್ದ ಗ್ವಾನಿಡಿನ್ ಬಗೆಯ ಸಂಯುಕ್ತಗಳ ಜಾಡು ಹಿಡಿದ ರಸಾಯನಶಾಸ್ತ್ರಜ್ಞರು 1922ರಲ್ಲಿ ಇನ್ನೊಂದು ಅಣುವನ್ನು ಕಟ್ಟಿದರು. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಅದೇ ಮೆಟ್‌ಫಾರ್ಮಿನ್. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೋರಿಝಿನ್ ಎಂಬ ಕಹಿಯೂ ಹೀಗೆಯೇ ತಿದ್ದಿಸಿಕೊಂಡು ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಯಾಯಿತು. ಗಿಡದ ಸುಳಿವು ಹಿಡಿದು, ವಿಷ ಕಳೆದು, ಅಳತೆ ಕಟ್ಟಿ, ಸಾವಿರಾರು ಜನರಲ್ಲಿ ನೋಡಿ ತಂದವು ಇವು. ಜನೌಷಧಿ ಕೇಂದ್ರದಲ್ಲಿ ಮೆಟ್‌ಫಾರ್ಮಿನ್ ತಿಂಗಳಿಗೆ ನೂರು ರೂಪಾಯಿಯೊಳಗೆ ಸಿಗುತ್ತದೆ, ಬರ್ಬರೀನ್‌ನ ಹತ್ತನೇ ಒಂದು ಭಾಗದ ಬೆಲೆ. ಹೊಟ್ಟೆ ಕೆಡುವುದು ಸಾಮಾನ್ಯ, ಊಟದ ಜೊತೆ ನುಂಗಿದರೆ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುವ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸುತ್ತಿರಬೇಕು. ಮೂತ್ರಪಿಂಡ ದುರ್ಬಲವಾದವರಿಗೆ ಪ್ರಮಾಣ ವೈದ್ಯರೇ ನಿರ್ಧರಿಸಬೇಕು.

ಯಾರಿಗೆ ಯಾವುದು

ಪಕ್ಕದ ಮನೆಯ ಹಿರಿಯರಿಗೆ ನಾನು ಬರ್ಬರೀನ್, ಕರ್ಕ್ಯುಮಿನ್ ಎರಡನ್ನೂ ಬೇಡ ಎಂದೆ. ವಾರ್ಫರಿನ್ ನುಂಗುವವರ ವಿಷಯದಲ್ಲಿ ಹೊಸ ಸಾರ ಸೇರಿಸುವುದೆಂದರೆ ರಕ್ತಸ್ರಾವದ ಜೊತೆ ಸರಸ. ದಿನಾ ಹತ್ತು ಗ್ರಾಂ ಮೆಂತ್ಯ ಕೂಡ ವಾರ್ಫರಿನ್ ಪರಿಣಾಮವನ್ನು ಏರಿಸಬಹುದಾದ್ದರಿಂದ ಅವರಿಗೆ ಅದೂ ಅಡುಗೆಯಲ್ಲಿ ಬೀಳುವಷ್ಟೇ. ಕೊಲೆಸ್ಟ್ರಾಲ್‌ಗೆ ಇಸಬ್‌ಗೋಲ್ ಸಾಕು, ಮಾತ್ರೆಗಳಿಂದ ಎರಡು ಗಂಟೆ ದೂರ ಇಟ್ಟು, ವೈದ್ಯರಿಗೆ ತಿಳಿಸಿ.

ಹುಡುಗಿಗೆ ಇನ್ನೂ ಕಟ್ಟುನಿಟ್ಟು. ಯಾವ ಕ್ಷಣದಲ್ಲೂ ಗರ್ಭ ನಿಲ್ಲಬಹುದಾದ ಕಾಲ ಅವಳದು. ಗಾರ್ಸಿನಿಯಾ, ಬರ್ಬರೀನ್, ಗ್ರೀನ್ ಟೀ ಸಾರ, ಎಲ್ಲಕ್ಕೂ ಇಲ್ಲ ಎಂದೆ. ಸ್ತ್ರೀರೋಗ ತಜ್ಞರ ಬಳಿ ಹೋಗಿ ಮೆಟ್‌ಫಾರ್ಮಿನ್ ಬಗ್ಗೆ ಕೇಳು ಎಂದೆ, ಪಿಸಿಒಡಿಗೆ ಅದನ್ನು ಕೊಡುವ ರೂಢಿ ಇದೆ. ತೂಕವೇ ಮುಖ್ಯ ಎನ್ನುವವಳಿಗೆ ಮನಸ್ಸಿಗೆ ಹಿಡಿಯುವ ಉತ್ತರ ನನ್ನಲ್ಲಿ ಇರಲಿಲ್ಲ. ಡಬ್ಬಿಗೆ ಹೋಗುತ್ತಿದ್ದ ಎರಡು ಸಾವಿರವನ್ನು ಒಬ್ಬ ಒಳ್ಳೆಯ ಆಹಾರ ತಜ್ಞರಿಗೆ ಕೊಟ್ಟರೆ ಹೆಚ್ಚು ಸಿಗುತ್ತದೆ ಎಂದು ಮಾತ್ರ ಹೇಳಿದೆ.

ತಮ್ಮ ಬೇರೆ ಯಾವ ಮಾತ್ರೆಯನ್ನೂ ನುಂಗುತ್ತಿಲ್ಲ. ಅವನಿಗೆ ಬಾಗಿಲುಗಳು ತೆರೆದಿವೆ. ಬರ್ಬರೀನ್ ಇಟ್ಟುಕೊಳ್ಳಲೇ ಎಂದು ಎರಡು ಸಲ ಕೇಳಿದ. ಎಲ್‌ಡಿಎಲ್ ಹೆಚ್ಚಿದ್ದು, ಕೊಲೆಸ್ಟ್ರಾಲ್ ಮಾತ್ರೆಯಾದ ಸ್ಟ್ಯಾಟಿನ್ ಮೈಗೆ ಹೊಂದದಿದ್ದು, ವೈದ್ಯರ ಕಣ್ಣಳತೆಯಲ್ಲಿ ಮೂರು ತಿಂಗಳು ನೋಡುವುದಾದರೆ ಹೂಂ ಎನ್ನುತ್ತಿದ್ದೆ. ಅವನ ಎಲ್‌ಡಿಎಲ್ ಸರಿಯಾಗಿಯೇ ಇದೆ. ಮೊದಲು ಮೆಂತ್ಯ, ರಾತ್ರಿ ನೆನೆಸಿ, ಊಟಕ್ಕೆ ಮುಂಚೆ ಐದೈದು ಗ್ರಾಂ, ಜೊತೆಗೆ ಸಂಜೆ ಮುಕ್ಕಾಲು ಗಂಟೆ ನಡಿಗೆ. ಒಂದು ಸಲಕ್ಕೆ ಒಂದನ್ನೇ ಶುರು ಮಾಡು, ಶುರು ಮಾಡಿದ ದಿನ ಬರೆದಿಡು, ಮೂರು ತಿಂಗಳಿಗೆ ಎಚ್‌ಬಿಎ1ಸಿ ನೋಡು, ಅಲ್ಲಾಡದಿದ್ದರೆ ವೈದ್ಯರ ಹತ್ತಿರ ಹೋಗಿ ಮೆಟ್‌ಫಾರ್ಮಿನ್ ಮಾತಾಡು ಎಂದೆ.

ಐದು ಡಬ್ಬಿ ಜಗಲಿಯಲ್ಲೇ ಉಳಿದವು. ಬರ್ಬರೀನ್ ಒಂದನ್ನು ಅವನು ಚೀಲಕ್ಕೆ ಹಾಕಿಕೊಂಡ, ದೀಪಾವಳಿಯ ರಕ್ತ ಪರೀಕ್ಷೆಯವರೆಗೆ ಮುಚ್ಚಳ ತೆಗೆಯುವುದಿಲ್ಲ ಎಂದು ಮಾತು ಕೊಟ್ಟು. ಚಿಕ್ಕಮ್ಮ ಒಳಗಿನಿಂದ ಒಂದು ಪೊಟ್ಟಣ ಮೆಂತ್ಯ ತಂದು ಅದರ ಮೇಲೆ ಇಟ್ಟರು.